ಮೊದಲ ಅರ್ಧ ನಿಮಿಷ: ಕಿರುಚಿತ್ರ ತನ್ನ ಗುರುತು ಹೇಳಿಕೊಳ್ಳುವ ಬಗೆ



ಈ ವಿಷಯದ ಮೇಲಿನ ಮಾತುಕತೆಯನ್ನು ತೆರೆಯ ಮೇಲೆ ನೋಡಿದವರಿಗೆ ಅದರ ಆರಂಭ ನೆನಪಿರಬಹುದು. ನೋಡದವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವ ಒಂದು ತಿರುವಿನಲ್ಲಿ ತೆಗೆದ ಇಪ್ಪತ್ತು ಸೆಕೆಂಡುಗಳ ದೃಶ್ಯವನ್ನು ನಾವು ಮೂರು ಸಲ ತೋರಿಸಿದೆವು. ಮಂಜು ಕವಿದ ರಸ್ತೆ, ದೂರದಲ್ಲಿ ಬಸ್ಸಿನ ದೀಪ, ಇಷ್ಟೇ ದೃಶ್ಯ. ಮೊದಲ ಸಲ ಅದರ ಹಿಂದೆ ಕೊಳಲು ನುಡಿಸಿದೆವು. ಸ್ಟುಡಿಯೋದಲ್ಲಿದ್ದ ಹುಡುಗರು ಒಂದೇ ದನಿಯಲ್ಲಿ ‘ಪ್ರವಾಸದ ಚಿತ್ರ’ ಎಂದರು. ಎರಡನೆಯ ಸಲ ಕೊಳಲು ತೆಗೆದು ಜೀರುಂಡೆಯ ಸದ್ದು, ಅದರ ನಡುವೆ ಒಂದು ನಾಯಿಯ ಊಳು ಸೇರಿಸಿದೆವು. ‘ದೆವ್ವದ್ದು!’ ಎಂದು ಹಿಂದಿನ ಸಾಲಿನಿಂದ ಕೂಗು ಬಂತು. ಮೂರನೆಯ ಸಲ ಗಂಭೀರ ಪುರುಷ ಕಂಠವೊಂದು ‘ಪಶ್ಚಿಮ ಘಟ್ಟದ ಈ ರಸ್ತೆಯಲ್ಲಿ’ ಎಂದು ಮಾತು ತೆಗೆಯಿತು. ವಾಕ್ಯ ಮುಗಿಯುವ ಮೊದಲೇ ‘ಡಾಕ್ಯುಮೆಂಟರಿ’ ಎಂಬ ಉತ್ತರ ಸಿದ್ಧವಾಗಿತ್ತು. ಹಾಗೆ ಹೇಳಿದವರಲ್ಲಿ ಇಬ್ಬರು ಆಕಳಿಸಿದ್ದನ್ನೂ ನಮ್ಮ ಕ್ಯಾಮರಾ ಹಿಡಿದಿದೆ.

ಮೂರು ಸಲವೂ ಚಿತ್ರ ಒಂದೇ, ಮಂಜು ಒಂದೇ. ಬದಲಾದದ್ದು ನೋಡುವವರ ನಿರೀಕ್ಷೆ ಮಾತ್ರ. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಲೆವ್ ಕುಲೆಶೊವ್ ಇಂಥದೇ ಪ್ರಯೋಗ ಮಾಡಿದ್ದ. ಮೊಜುಖಿನ್ ಎಂಬ ನಟನ ಭಾವವಿಲ್ಲದ ಮುಖದ ಒಂದೇ ದೃಶ್ಯವನ್ನು ಸೂಪಿನ ತಟ್ಟೆ, ಶವಪೆಟ್ಟಿಗೆ ಮೊದಲಾದ ಬೇರೆ ಬೇರೆ ದೃಶ್ಯಗಳ ಪಕ್ಕ ಜೋಡಿಸಿದ. ನೋಡಿದವರು ಆ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರಂತೆ.

ಚಲನಚಿತ್ರವೊಂದು ಹಾಸ್ಯದ್ದೋ ಭಯದ್ದೋ, ನಡೆದ ಸಂಗತಿಯೋ ಕಟ್ಟುಕಥೆಯೋ ಎಂಬ ವರ್ಗವನ್ನು ನಾವು ‘ಪ್ರಕಾರ’ ಎನ್ನುತ್ತೇವೆ. ಎರಡೂವರೆ ಗಂಟೆಯ ಚಿತ್ರಕ್ಕೆ ಈ ವಿಷಯದಲ್ಲಿ ಅಷ್ಟೇನೂ ಕಷ್ಟವಿಲ್ಲ. ಗೋಡೆಯ ಮೇಲಿನ ಪೋಸ್ಟರು, ನಾಯಕನ ಹೆಸರು, ವಾರಗಟ್ಟಲೆ ಮೈಕಿನಲ್ಲಿ ಕೂಗಿದ ಜಾಹೀರಾತು ಇವೆಲ್ಲ ಮೊದಲೇ ಹೇಳಿಬಿಟ್ಟಿರುತ್ತವೆ. ಹತ್ತು ನಿಮಿಷದ ಕಿರುಚಿತ್ರಕ್ಕೆ ಪೋಸ್ಟರಿಲ್ಲ, ತಾರೆಯಿಲ್ಲ, ಸಮಯವಂತೂ ಇಲ್ಲವೇ ಇಲ್ಲ. ತಾನು ಯಾವ ಜಾತಿಯದೆಂದು ಮೊದಲ ಅರ್ಧ ನಿಮಿಷದಲ್ಲೇ ತಿಳಿಸಬೇಕು. ಹೊಸ ಸಂಕೇತ ಕಲಿಸಲು ವ್ಯವಧಾನವಿಲ್ಲದ್ದರಿಂದ ನೋಡುಗರಿಗೆ ಈಗಾಗಲೇ ಗೊತ್ತಿರುವ ಸಂಕೇತಗಳನ್ನೇ ಅದು ಎರವಲು ಪಡೆಯುತ್ತದೆ. ಹಾಗಾದರೆ ನಮ್ಮ ಕಾಫಿ ಸೀಮೆಯ ನೋಡುಗರಿಗೆ ಈ ಸಂಕೇತಗಳನ್ನು ಕಲಿಸಿದವರು ಯಾರು?

ಮೊದಲ ಗುರು ಸಿನಿಮಾ ಅಲ್ಲ, ಯಕ್ಷಗಾನ. ಘಟ್ಟದ ಕೆಳಗಿನ ಮೇಳಗಳು ಮೇಲೆ ಬಂದು ಕಳಸ, ಕೊಪ್ಪ, ಮೂಡಿಗೆರೆಯ ಬಯಲುಗಳಲ್ಲಿ ಆಡುವ ಆಟವನ್ನು ನೀವು ನೋಡಿದ್ದೀರಿ. ಸಂಜೆ ‘ಕೇಳಿ’ ಬಡಿಯುತ್ತಾರೆ. ಚೆಂಡೆಯ ಆ ಸದ್ದು ಗುಡ್ಡದಿಂದ ಗುಡ್ಡಕ್ಕೆ ದಾಟಿ, ಇಂದು ಇಲ್ಲಿ ಆಟವಿದೆ ಎಂದು ಮೈಲಿ ದೂರದ ತೋಟದ ಲೈನ್ ಮನೆಗಳಿಗೂ ತಿಳಿಸುತ್ತದೆ. ರಂಗದ ಮೇಲೆ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಒಂದರ ಹಿಂದೆ ಒಂದು ಬರುವಾಗ ಪ್ರಸಂಗ ಇನ್ನೂ ಆರಂಭವಾಗಿಲ್ಲವೆಂದು ಮಕ್ಕಳಿಗೂ ಗೊತ್ತು. ದೊಂದಿಯ ಬೆಳಕು, ರಾಳದ ಉರಿ, ಚೌಕಿಯ ಕಡೆಯಿಂದ ಒಂದು ಆರ್ಭಟ: ಇಷ್ಟಾದರೆ ಬರುವುದು ಬಣ್ಣದ ವೇಷವೆಂದು, ಅಂದರೆ ರಾಕ್ಷಸನೆಂದು, ಮುಖ ಕಾಣುವ ಮೊದಲೇ ತಿಳಿಯುತ್ತದೆ. ಹಾಸ್ಯಗಾರನ ನಡಿಗೆಯೇ ನಗು ತರಿಸುತ್ತದೆ. ಓದು ಬರಹ ಬಾರದವರೂ ಈ ವ್ಯಾಕರಣವನ್ನು ತಪ್ಪಿಲ್ಲದೆ ಓದುತ್ತಿದ್ದರು. ಮುಂದೆ ಬರುವ ಒಂದು ಕಥೆಗಾಗಿ ಈ ಮಾತನ್ನು ನೆನಪಿನಲ್ಲಿಡಿ.

ಸಿನಿಮಾದ ಬಾಲ್ಯಕ್ಕೆ ಹೋದರೆ ಅಲ್ಲಿ ಕಿರುಚಿತ್ರವಲ್ಲದೆ ಬೇರೆ ಚಿತ್ರವೇ ಇಲ್ಲ. ಲೂಮಿಯೇರ್ ಸಹೋದರರು 1895ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ ಚಿತ್ರಗಳು ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆ. ಅವು 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿಗೆ ಬಂದವು. ಅವುಗಳ ಪೈಕಿ ತೋಟಕ್ಕೆ ನೀರು ಹಾಯಿಸುವವನ ಚಿತ್ರ ಒಂದಿದೆ. ಹುಡುಗನೊಬ್ಬ ರಬ್ಬರ್ ಕೊಳವೆಯನ್ನು ಹಿಂದಿನಿಂದ ಮೆಟ್ಟುತ್ತಾನೆ, ನೀರು ನಿಲ್ಲುತ್ತದೆ, ತೋಟಗಾರ ಕೊಳವೆಯ ಬಾಯನ್ನು ಇಣುಕಿ ನೋಡುತ್ತಾನೆ. ಹುಡುಗ ಕಾಲಿಟ್ಟ ಆ ಒಂದು ಕ್ಷಣವೇ ‘ಇದು ತಮಾಷೆ’ ಎಂಬ ಸೂಚನೆ, ಏಕೆಂದರೆ ತೋಟಗಾರನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಾಗಿರುತ್ತದೆ. ನಮ್ಮ ದಾದಾಸಾಹೇಬ್ ಫಾಲ್ಕೆಯವರು ‘ರಾಜಾ ಹರಿಶ್ಚಂದ್ರ’ (1913) ತಯಾರಿಸುವ ಮುನ್ನ, 1912ರಲ್ಲಿ, ಬಟಾಣಿ ಗಿಡ ಮೊಳೆತು ಬೆಳೆಯುವುದರ ಒಂದು ಪುಟ್ಟ ಚಿತ್ರ ತೆಗೆದರು. ದಿನಗಟ್ಟಲೆ ಸ್ವಲ್ಪಸ್ವಲ್ಪವೇ ಚಿತ್ರಿಸಿ ಒಟ್ಟಿಗೆ ಓಡಿಸಿದ ಚಿತ್ರ ಅದು. ಬಿ.ಎಸ್ಸಿ. ಓದಿ ಈ ಕೆಲಸಕ್ಕೆ ಬಂದ ನನಗೆ ಭಾರತದ ಸಿನಿಮಾ ಒಂದು ಸಸ್ಯಶಾಸ್ತ್ರದ ಪಾಠದಿಂದ ಬೆಳೆಯಿತೆಂದು ಹೇಳಿಕೊಳ್ಳುವ ಆಸೆ. ಆದರೆ ಫಾಲ್ಕೆಯವರ ಉದ್ದೇಶ ಪಾಠವಾಗಿರಲಿಲ್ಲ, ಬಂಡವಾಳ ಹಾಕುವವರನ್ನು ಒಪ್ಪಿಸುವುದಾಗಿತ್ತು. ಅದೇ ಚಿತ್ರವನ್ನು ಶಾಲೆಯಲ್ಲಿ ತೋರಿಸಿದರೆ ವಿಜ್ಞಾನ, ಸಾಹುಕಾರರ ಮುಂದೆ ತೋರಿಸಿದರೆ ಜಾದೂ.

ಇನ್ನು ಟೆಂಟಿಗೆ ಬರೋಣ. ನಮ್ಮ ಚಿಕ್ಕಪ್ಪ ಮೂಡಿಗೆರೆ ಕಡೆಯ ತೋಟವೊಂದರಲ್ಲಿ ರೈಟರಾಗಿದ್ದರು. ವಾರದ ಬಟವಾಡೆಯಾದ ಸಂಜೆ ಆಳುಗಳೂ ಅವರೂ ಒಂದೇ ಲಾರಿಯಲ್ಲಿ ಟೂರಿಂಗ್ ಟಾಕೀಸಿಗೆ ಹೋಗುತ್ತಿದ್ದರಂತೆ. ಮಲೆನಾಡಿನ ಮಳೆಯಲ್ಲಿ ಟೆಂಟು ನಿಲ್ಲುವುದಿಲ್ಲವಾದ್ದರಿಂದ ಕಾಫಿ ಕೊಯ್ಲಿನಿಂದ ಹೂಮಳೆಯ ನಂತರದವರೆಗೆ ಮಾತ್ರ ಈ ಭಾಗ್ಯ. ಧ್ವನಿವರ್ಧಕದಲ್ಲಿ ಘಂಟಸಾಲರ ವೆಂಕಟೇಶ್ವರನ ಹಾಡು ಬಂತೆಂದರೆ ಟಿಕೇಟು ಕೊಡುವ ಹೊತ್ತಾಯಿತೆಂದು ಅರ್ಥ. ಇದು ಸಿನಿಮಾದ ‘ಕೇಳಿ’! ಒಳಗೆ ಹೋಗಿ ನೆಲದ ಮೇಲೆ ಕುಳಿತರೆ ಮೊದಲು ಕಾಣುವುದು ಸೆನ್ಸಾರ್ ಸರ್ಟಿಫಿಕೇಟು. ಕಾನೂನಿನ ಪ್ರಕಾರ ಅದನ್ನು ಪ್ರತಿ ಚಿತ್ರಕ್ಕೂ ಮೊದಲು ತೋರಿಸಲೇಬೇಕು. ಅದರಲ್ಲಿ ಚಿತ್ರದ ಹೆಸರು, ಭಾಷೆ, ಉದ್ದ, ರೀಲುಗಳ ಸಂಖ್ಯೆ ಇರುತ್ತಿತ್ತು. ಓದಬಲ್ಲವನೊಬ್ಬ ರೀಲಿನ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿದರೆ ಸಾಕು, ಹದಿನೆಂಟು ಎಂದರೆ ಶಿಳ್ಳೆ, ಹದಿಮೂರು ಎಂದರೆ ಗೊಣಗಾಟ. (ಸರ್ಟಿಫಿಕೇಟಿನ ಎಡ ಮೂಲೆಯಲ್ಲಿ ತ್ರಿಕೋನವಿದ್ದರೆ ಚಿತ್ರಕ್ಕೆ ಕತ್ತರಿ ಬಿದ್ದಿದೆ ಎಂದರ್ಥ. ಅದನ್ನು ಬಲ್ಲ ಚಾಣಾಕ್ಷರು ಟೆಂಟಿಗೊಬ್ಬರಾದರೂ ಇರುತ್ತಿದ್ದರು.)

ಆದರೆ ಮೊದಲ ಸರ್ಟಿಫಿಕೇಟು ದೊಡ್ಡ ಚಿತ್ರದ್ದಲ್ಲ. ಅದರಲ್ಲಿ ರೀಲು ಒಂದೋ ಎರಡೋ. ಲೆಕ್ಕ ಸುಲಭ: 35 ಮಿಲಿಮೀಟರ್ ಫಿಲ್ಮಿನಲ್ಲಿ ಅಡಿಗೆ 16 ಚೌಕಟ್ಟು, ಸೆಕೆಂಡಿಗೆ ಓಡುವುದು 24, ಅಂದರೆ ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ಒಂದು ರೀಲು ಸುಮಾರು 11 ನಿಮಿಷ. ‘ಒಂದು ರೀಲು’ ಎಂದು ಕಂಡೊಡನೆ, ನಂತರ ಅಶೋಕ ಸ್ತಂಭದ ಲಾಂಛನ ಮತ್ತು ಫಿಲ್ಮ್ಸ್ ಡಿವಿಷನ್ ಎಂಬ ಹೆಸರು ಮೂಡಿದೊಡನೆ, ಅರ್ಧ ಟೆಂಟು ಎದ್ದು ಹೊರಗೆ ಹೋಗುತ್ತಿತ್ತು. ‘ಸರ್ಕಾರಿ ರೀಲು ಶುರುವಾಯ್ತು, ಒಂದು ಬೀಡಿ ಸೇದಿ ಬರಾಣ ಬನ್ನಿ ರೈಟ್ರೆ’ ಎಂದು ಆಳುಗಳು ಚಿಕ್ಕಪ್ಪನನ್ನು ಕರೆಯುತ್ತಿದ್ದರಂತೆ. ಚಿಕ್ಕಪ್ಪ ಬೀಡಿ ಸೇದುತ್ತಿರಲಿಲ್ಲ, ಆದರೂ ಹೋಗುತ್ತಿದ್ದರು.

ಈ ಸರ್ಕಾರಿ ರೀಲಿನ ಹಿಂದೆ ಒಂದು ಯುದ್ಧದ ಕಥೆಯಿದೆ. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1943ರಲ್ಲಿ, ಬ್ರಿಟಿಷ್ ಆಡಳಿತದ ಪ್ರಾಂತಗಳ ಚಿತ್ರಮಂದಿರಗಳು ಪ್ರತಿ ಪ್ರದರ್ಶನದಲ್ಲೂ ಸರ್ಕಾರ ಒಪ್ಪಿದ ಕಿರುಚಿತ್ರಗಳನ್ನು ತೋರಿಸಲೇಬೇಕೆಂದು ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ಆಜ್ಞೆಯಾಯಿತು. ಅದಕ್ಕಾಗಿ ಇನ್‌ಫರ್ಮೇಷನ್ ಫಿಲ್ಮ್ಸ್ ಆಫ್ ಇಂಡಿಯಾ, ಇಂಡಿಯನ್ ನ್ಯೂಸ್ ಪೆರೇಡ್ ಎಂಬ ಘಟಕಗಳಿದ್ದವು. ಯುದ್ಧ ಮುಗಿದು 1946ರಲ್ಲಿ ಅವು ಮುಚ್ಚಿದವು. ಸ್ವತಂತ್ರ ಭಾರತ 1948ರಲ್ಲಿ ಫಿಲ್ಮ್ಸ್ ಡಿವಿಷನ್ ಸ್ಥಾಪಿಸಿತು. ಕಡ್ಡಾಯ ಪ್ರದರ್ಶನದ ಪದ್ಧತಿ ಹೊಸ ಉದ್ದೇಶದೊಂದಿಗೆ ಮರಳಿ ಬಂತು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ 12ನೆಯ ಪ್ರಕರಣವನ್ನು ನೋಡಿ. ವೈಜ್ಞಾನಿಕ ಚಿತ್ರ, ಶೈಕ್ಷಣಿಕ ಉದ್ದೇಶದ ಚಿತ್ರ, ಸುದ್ದಿ ಮತ್ತು ಪ್ರಚಲಿತ ಘಟನೆಗಳ ಚಿತ್ರ, ಸಾಕ್ಷ್ಯಚಿತ್ರ, ದೇಶೀಯ ಚಿತ್ರ ಇವುಗಳಿಗೆ ಸಾಕಷ್ಟು ಪ್ರದರ್ಶನಾವಕಾಶ ದೊರೆಯುವಂತೆ ಕೇಂದ್ರ ಸರ್ಕಾರ ನಿರ್ದೇಶನ ಕೊಡಬಹುದೆಂದು ಅದು ಹೇಳುತ್ತದೆ. ಐದು ಪ್ರಕಾರಗಳನ್ನು ಕಾನೂನೇ ಬಿಡಿಸಿ ಹೇಳಿತು. ಆದರೆ ಮೂಡಿಗೆರೆಯ ಟೆಂಟಿನಲ್ಲಿ ಐದೂ ಸೇರಿ ಒಂದೇ ಪ್ರಕಾರವಾದವು: ಸರ್ಕಾರಿ ರೀಲು.

ಹೀಗೇಕಾಯಿತು? ಲಾಂಛನ ಒಂದೇ, ಗ್ರಂಥಸ್ಥ ಭಾಷೆಯ ವ್ಯಾಖ್ಯಾನ ಒಂದೇ, ದನಿಯ ಏರಿಳಿತ ಒಂದೇ. ಭತ್ತದ ಹೊಸ ತಳಿಯಾಗಲಿ, ಅಣೆಕಟ್ಟಾಗಲಿ, ಒಡಿಶಾದ ನೃತ್ಯವಾಗಲಿ, ಬಿಹಾರದ ಪ್ರವಾಹವಾಗಲಿ, ಎಲ್ಲಕ್ಕೂ ಅದೇ ಗಾಂಭೀರ್ಯ. ಸುದ್ದಿಚಿತ್ರಗಳ ಪ್ರತಿಗಳು ದೊಡ್ಡ ಊರುಗಳ ಮಂದಿರಗಳನ್ನು ಸುತ್ತಿ ಟೆಂಟಿಗೆ ತಲುಪುವಷ್ಟರಲ್ಲಿ ತಿಂಗಳುಗಳೇ ಕಳೆದು ಪ್ರವಾಹ ಇಳಿದುಹೋಗಿರುತ್ತಿತ್ತು. ಹಾಗಾಗಿ ‘ಸುದ್ದಿ’ ಎಂಬ ಗುರುತೂ ಉಳಿಯಲಿಲ್ಲ. ಪ್ರದರ್ಶಕರು ಈ ಕಡ್ಡಾಯವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವಲ್ಲವೆಂದು ಎತ್ತಿಹಿಡಿಯಿತು. ನ್ಯಾಯಾಲಯ ಚಿತ್ರ ತೋರಿಸುವಂತೆ ಮಾಡಬಹುದು, ಬೀಡಿ ಸೇದಲು ಹೋದವರನ್ನು ಒಳಗೆ ಕರೆತರಲಾರದು. ಫಿಲ್ಮ್ಸ್ ಡಿವಿಷನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು.

ಸಂಕೇತ ಕೆಡುವುದಕ್ಕೆ ಇನ್ನೂ ಕಹಿಯಾದ ಉದಾಹರಣೆ ಕೆಂಪು ತ್ರಿಕೋನ. ಕುಟುಂಬ ಯೋಜನೆಯ ಆ ಚಿಹ್ನೆ 1960ರ ದಶಕದಲ್ಲಿ ಬಂದಾಗ ಅಕ್ಷರ ಬಾರದವರಿಗೂ ಅರ್ಥವಾಗಲೆಂಬ ಒಳ್ಳೆಯ ಆಲೋಚನೆ ಅದರ ಹಿಂದಿತ್ತು. 1975–77ರ ತುರ್ತು ಪರಿಸ್ಥಿತಿಯಲ್ಲಿ ದೇಶದ ಹಲವೆಡೆ ಬಲವಂತದ ಶಸ್ತ್ರಚಿಕಿತ್ಸೆಗಳು ನಡೆದ ಮೇಲೆ ಅದೇ ತ್ರಿಕೋನ ತೆರೆಯ ಮೇಲೆ ಕಂಡರೆ ಜನ ಹೆದರುವಂತಾಯಿತು. ಆರೋಗ್ಯದ ಚಿತ್ರ ಭಯದ ಚಿತ್ರವಾದದ್ದು ಹೀಗೆ, ಚಿತ್ರದಲ್ಲಿ ಒಂದು ಚೌಕಟ್ಟೂ ಬದಲಾಗದೆ.

ಆರೋಗ್ಯದ ಚಿತ್ರವೆಂದಾಗ ನೆನಪಾಗುವ ಒಂದು ಕಥೆಯನ್ನು ಮಾಧ್ಯಮ ತರಗತಿಗಳಲ್ಲಿ ನೀವೂ ಕೇಳಿರಬಹುದು. ವಸಾಹತು ಕಾಲದ ಅಧಿಕಾರಿಗಳು ಹಳ್ಳಿಯೊಂದರಲ್ಲಿ ಮಲೇರಿಯದ ಚಿತ್ರ ತೋರಿಸಿದರಂತೆ. ತೆರೆಯ ತುಂಬ ಸೊಳ್ಳೆ ಕಂಡಾಗ ಹಳ್ಳಿಗರು ‘ನಮ್ಮ ಊರಿನ ಸೊಳ್ಳೆ ಇಷ್ಟು ದೊಡ್ಡದಲ್ಲ, ನಮಗೇನೂ ಭಯವಿಲ್ಲ’ ಎಂದರಂತೆ. ಆಫ್ರಿಕದಲ್ಲಿ ನಡೆದದ್ದೆಂದು ಕೆಲವರು, ಏಷ್ಯದಲ್ಲಿ ಎಂದು ಕೆಲವರು ಹೇಳುತ್ತಾರೆ. ಇತಿಹಾಸಕಾರರು ಇದನ್ನು ಈಗ ಅನುಮಾನದಿಂದಲೇ ನೋಡುತ್ತಾರೆ. ನನ್ನ ಅನುಮಾನಕ್ಕೆ ಕಾರಣ ನಮ್ಮ ಸೀಮೆಯೇ. ಮಲೇರಿಯ ಮಲೆನಾಡಿನ ಮನೆಮನೆಯ ಶಾಪವಾಗಿತ್ತು. ಮೈಸೂರು ಸರ್ಕಾರ 1920ರ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯ ಅಧ್ಯಯನ ಕೇಂದ್ರಗಳನ್ನು ತೆರೆದಾಗ, ಬಯಲಿನ ಹಿರಿಯೂರು, ನೀರಾವರಿಯ ನಾಗೇನಹಳ್ಳಿಗಳ ಜೊತೆಗೆ ಗುಡ್ಡಗಾಡಿನ ಮಾದರಿಯಾಗಿ ಆಯ್ದದ್ದು ಮೂಡಿಗೆರೆಯನ್ನು. ಹತ್ತು ತಲೆಯ ರಾವಣನನ್ನು ಒಬ್ಬನೇ ಮನುಷ್ಯನ ವೇಷದಲ್ಲಿ ರಾತ್ರಿಯಿಡೀ ನೋಡಿ ಒಪ್ಪುವ ಜನಕ್ಕೆ, ಆನೆಯಷ್ಟು ದೊಡ್ಡ ಸೊಳ್ಳೆ ದೊಡ್ಡದಾಗಿ ತೋರಿಸಿದ ಸೊಳ್ಳೆ ಎಂದು ತಿಳಿಯದೆ? ಹಾಗೆ ಯಾರಾದರೂ ಹೇಳಿದ್ದರೆ ಅದು ಅಧಿಕಾರಿಯನ್ನು ಕುರಿತ ಕುಚೋದ್ಯವಾಗಿರಬೇಕು, ಅವನು ಅದನ್ನು ದಡ್ಡತನವೆಂದು ವರದಿ ಬರೆದಿರಬೇಕು. ಹಾಸ್ಯದ ಸಂಕೇತ ಅವನಿಗೇ ತಿಳಿಯಲಿಲ್ಲ!

ಇದೇ ಸೊಳ್ಳೆಯನ್ನು ವಾಲ್ಟ್ ಡಿಸ್ನಿ ಸಂಸ್ಥೆ 1943ರ ‘ದಿ ವಿಂಗ್ಡ್ ಸ್ಕರ್ಜ್’ ಕಿರುಚಿತ್ರದಲ್ಲಿ ಬಳಸಿಕೊಂಡ ಜಾಣ್ಮೆ ನೋಡಿ. ಚಿತ್ರ ಆರಂಭವಾಗುವುದು ಪೊಲೀಸರು ಅಂಟಿಸುವಂಥ ‘ಬೇಕಾಗಿದ್ದಾರೆ’ ಪ್ರಕಟಣೆಯಿಂದ. ಅಪರಾಧಿ ಅನಾಫಿಲಿಸ್ ಸೊಳ್ಳೆ. ಒಂದೇ ಪ್ರಕಟಣೆಯಿಂದ ಆರೋಗ್ಯ ಪಾಠವೊಂದು ಪತ್ತೇದಾರಿ ಚಿತ್ರದ ಅಂಗಿ ತೊಟ್ಟಿತು. ಮುಂದೆ ಹಿಮಗೌರಿಯ ಏಳು ಕುಳ್ಳರು ಬಂದು ನಿಂತ ನೀರಿಗೆ ಎಣ್ಣೆ ಹಾಕುತ್ತಾರೆ. ಅಮೆರಿಕದ ಮಕ್ಕಳಿಗೆ ಎರಡೂ ಸಂಕೇತಗಳು ಮೊದಲೇ ಗೊತ್ತಿದ್ದವು.

ಫಿಲ್ಮ್ಸ್ ಡಿವಿಷನ್ನಿನ ಒಳಗೂ ಆ ಏಕತಾನವನ್ನು ಮುರಿಯಲು ಯತ್ನಿಸಿದವರಿದ್ದರು ಎಂಬುದನ್ನು ಹೇಳದಿದ್ದರೆ ತಪ್ಪಾದೀತು. ಎಸ್.ಎನ್.ಎಸ್. ಶಾಸ್ತ್ರಿಯವರ ‘ಐ ಆಮ್ 20’ (1967) ಚಿತ್ರದಲ್ಲಿ ಸ್ವಾತಂತ್ರ್ಯದ ವರ್ಷವೇ ಹುಟ್ಟಿದ ಯುವಕ ಯುವತಿಯರು ನೇರವಾಗಿ ಕ್ಯಾಮರಾಕ್ಕೆ ತಮ್ಮ ಆಸೆ, ಸಿಟ್ಟು ಹೇಳಿಕೊಳ್ಳುತ್ತಾರೆ. ಪ್ರಮೋದ್ ಪತಿಯವರ ‘ಎಕ್ಸ್‌ಪ್ಲೋರರ್’ (1968) ಚಿತ್ರದಲ್ಲಿ ವ್ಯಾಖ್ಯಾನವೇ ಇಲ್ಲ, ಬರೀ ದೃಶ್ಯಗಳ ಓಟ. ಲಾಂಛನ ಹಳೆಯದು, ಒಳಗಿನದು ಹೊಸದು. ಲಾಂಛನ ನೋಡಿಯೇ ಎದ್ದುಹೋದವರಿಗೆ ಇದು ತಿಳಿಯಲಿಲ್ಲವೆಂಬುದೇ ಬೇಸರದ ಸಂಗತಿ. ಮಲೆನಾಡಿನ ಕೆಸಲೂರಿನವರಾದ ಗಿರೀಶ ಕಾಸರವಳ್ಳಿಯವರು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿ ತಯಾರಿಸಿದ ‘ಅವಶೇಷ್’ ಕಿರುಚಿತ್ರ ರಾಷ್ಟ್ರಪ್ರಶಸ್ತಿ ಪಡೆಯಿತು. ಅಂಥವುಗಳಿಗೂ ನಮ್ಮ ಟೆಂಟುಗಳಲ್ಲಿ ಜಾಗವಿರಲಿಲ್ಲ.

ನನ್ನ ಪೀಳಿಗೆಗೆ ಕಿರುಚಿತ್ರದ ಸಂಕೇತ ಕಲಿಸಿದ್ದು ದೂರದರ್ಶನ. 1980ರ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯೆಂದು ಕರೆಸಿಕೊಂಡರೂ ಅದರ ಬಹಳಷ್ಟು ಕಂತುಗಳು ತಮ್ಮಷ್ಟಕ್ಕೆ ಪೂರ್ಣವಾದ ಕಿರುಚಿತ್ರಗಳು. ಎಲ್. ವೈದ್ಯನಾಥನ್ ಅವರ ಆ ಗುನುಗು ರಾಗ ಕೇಳಿದರೆ, ಆರ್.ಕೆ. ಲಕ್ಷ್ಮಣರ ಗೆರೆಚಿತ್ರಗಳು ಕಂಡರೆ, ಇಲ್ಲಿ ಕೊಲೆಯಿಲ್ಲ, ಖಳನಾಯಕನಿಲ್ಲ, ಸಣ್ಣ ಊರಿನ ಸಣ್ಣ ಮನುಷ್ಯರ ಪೇಚಾಟವಿದೆ ಎಂದು ಗೊತ್ತಾಗುತ್ತಿತ್ತು. ಅಡುಗೆಮನೆಯಲ್ಲಿದ್ದ ಅಮ್ಮ ಆ ರಾಗಕ್ಕೆ ಕೈ ಒರೆಸಿಕೊಂಡು ಬರುತ್ತಿದ್ದರು. ಅದೇ ಆಗುಂಬೆಯ ಮಳೆ, ಮಂಜು ಇಂದು ಫೋನಿನಲ್ಲಿ ಬರುವ ಕಿರುಚಿತ್ರಗಳಲ್ಲಿ ಹೆಚ್ಚಾಗಿ ದೆವ್ವದ ವಾಹನವಾಗಿದೆ.

ಇಷ್ಟೆಲ್ಲ ತಿಳಿದೂ ನಾನು ಎಡವಿದ ಪ್ರಸಂಗವೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಂಗನ ಕಾಯಿಲೆಯ ಬಗ್ಗೆ ಎಂಟು ನಿಮಿಷದ ಚಿತ್ರ ತಯಾರಿಸುವ ಕೆಲಸ ನನ್ನ ಪಾಲಿಗೆ ಬಂತು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ಆಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಗೂ ಕಾಣಿಸಿಕೊಂಡಿದೆ. ಹರಡುವುದು ಉಣುಗಿನಿಂದ. ಮಂಗ ಸತ್ತ ಜಾಗದಲ್ಲಿ ಉಣುಗುಗಳು ಉದುರಿರುತ್ತವೆ. ಚಳಿಗಾಲದಿಂದ ಬೇಸಿಗೆಯವರೆಗೆ ಸೊಪ್ಪು ಸೌದೆಗೆ ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು, ಮನೆಗೆ ಬಂದು ಮೈ ತೊಳೆದು ನೋಡಿಕೊಳ್ಳಬೇಕು. ಹೇಳಬೇಕಾದದ್ದು ಇಷ್ಟು, ಪ್ರಾಣಕ್ಕೆ ಸಂಬಂಧಿಸಿದ್ದು.

ನಾನು ಮಾಡಿದ್ದೇನು? ಮಂಜಿನಿಂದ ಎದ್ದುಬರುವ ಬೆಟ್ಟ, ಭದ್ರೆಯ ತಿರುವು, ಕೊಳಲು. ನಲವತ್ತು ಸೆಕೆಂಡು ಹಾಗೇ ಕಳೆಯಿತು. ಕಳಸದ ಹತ್ತಿರದ ತೋಟವೊಂದರ ಕಾಫಿ ಕಣದಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದೆವು. ಎರಡು ನಿಮಿಷ ಯಾರೂ ತೆರೆಯ ಕಡೆ ಸರಿಯಾಗಿ ನೋಡಲಿಲ್ಲ. ಉಣುಗಿನ ಮಾತು ಬಂದುಹೋಯಿತು, ಹೆಂಗಸರು ಎಲೆಯಡಿಕೆ ಹಂಚಿಕೊಳ್ಳುತ್ತಿದ್ದರು. ಮುಗಿದ ಮೇಲೆ ಹಿರಿಯರೊಬ್ಬರು ಸಂಕೋಚದಿಂದಲೇ ಹೇಳಿದರು: ‘ಬೇಜಾರು ಮಾಡ್ಕಬೇಡಿ ಮೇಡಂ, ಇದ್ಯಾವುದೋ ರೆಸಾರ್ಟಿನ ಅಡ್ವರ್ಟೈಸು ಅಂದ್ಕಂಡ್ವಿ ನಾವು.’ ಬೆಟ್ಟ, ಮಂಜು, ಕೊಳಲು ಅವರ ಪಾಲಿಗೆ ಹೊರಗಿನಿಂದ ಕಾರಿನಲ್ಲಿ ಬರುವವರ ಚಿತ್ರದ ಸಂಕೇತ. ಅದರಲ್ಲಿ ತಮಗೆ ಹೇಳುವಂಥದ್ದೇನೂ ಇರುವುದಿಲ್ಲವೆಂದು ಅವರು ಅನುಭವದಿಂದ ಕಲಿತಿದ್ದರು.

ಸಂಕಲನವನ್ನು ಮತ್ತೆ ಮಾಡಿದೆವು. ಬೆಟ್ಟ ಹೋಯಿತು, ಕೊಳಲು ಹೋಯಿತು. ಕತ್ತಲ ತೆರೆಯ ಮೇಲೆ ಚೆಂಡೆಯ ನಾಲ್ಕು ಪೆಟ್ಟು, ಆಮೇಲೆ ಸದ್ದಿಲ್ಲ. ಒಂದು ಮೊಣಕಾಲು, ಅದರ ಮೇಲೆ ಸಾಸಿವೆ ಕಾಳಿನಷ್ಟು ಏನೋ ನಿಧಾನವಾಗಿ ಹತ್ತುತ್ತಿದೆ. ಆಗ ಹೆಣ್ಣುದನಿ, ತೋಟದ ಭಾಷೆಯಲ್ಲೇ: ‘ಇದು ಎಲ್ಲಿಂದ ಬಂತೆ?’ ಮುಂದಿನ ವಾರ ಅದೇ ಕಣದಲ್ಲಿ ತೋರಿಸಿದಾಗ ಚೆಂಡೆಗೆ ತಲೆಗಳು ತಿರುಗಿದವು. ಮೊಣಕಾಲು ಕಂಡಾಗ ಮುಂದಿನ ಸಾಲಿನ ಅಜ್ಜಿಯೊಬ್ಬರು ಸೀರೆಯ ನಿರಿಗೆ ಸರಿಸಿ ತಮ್ಮ ಕಾಲು ನೋಡಿಕೊಂಡರು. ಪಕ್ಕದವರೂ ನೋಡಿಕೊಂಡರು.

ಆದರೆ ಕಣದ ಹಿಂಬದಿಯಲ್ಲಿ ಹತ್ತಿಪ್ಪತ್ತು ಜನ ಹುಡುಗರು ನಿಂತಿದ್ದರು. ಅಸ್ಸಾಮಿನಿಂದ ಕೊಯ್ಲಿನ ಕೆಲಸಕ್ಕೆ ಬಂದವರು. ನಮ್ಮ ತೋಟಗಳಲ್ಲಿ ಇತ್ತೀಚೆಗೆ ಅಂಥವರೇ ಹೆಚ್ಚು. ಚೆಂಡೆ ಬಡಿದಾಗ ಅವರಲ್ಲೊಬ್ಬ ಕುಣಿಯುವಂತೆ ಭುಜ ಕುಲುಕಿ ನಕ್ಕ, ಉಳಿದವರೂ ನಕ್ಕರು. ಹಾಡು ಕುಣಿತದ ಚಿತ್ರವೆಂದು ಅವರಿಗೆ ತೋರಿರಬೇಕು. ಮೇಸ್ತ್ರಿ ಹರಕು ಹಿಂದಿಯಲ್ಲಿ ವಿವರಿಸುವಷ್ಟರಲ್ಲಿ ಚಿತ್ರ ಅರ್ಧ ಮುಗಿದಿತ್ತು. ಅವರಿಗಾಗಿ ಬೇರೊಂದು ಮೊದಲ ಅರ್ಧ ನಿಮಿಷ ಬೇಕು. ಆ ಹುಡುಗರ ಊರಿನಲ್ಲಿ ಅಪಾಯವನ್ನು ಯಾವ ಸದ್ದು ಸಾರುತ್ತದೆ ಎಂದು ಅವರನ್ನೇ ಕೇಳಿ ಬರೆದುಕೊಳ್ಳಲು ನಮ್ಮ ತಂಡದ ಇಬ್ಬರು ಈಗ ಕಳಸಕ್ಕೆ ಹೋಗಿದ್ದಾರೆ.